ಫ್ಲ್ಯಾಟ್ ಕೀ ತಗೊಳ್ಳುವ ಮೊದಲು ಇನ್‌ಸ್ಪೆಕ್ಷನ್ ಮಾಡಿಸಬೇಕಾ? ಬಂದವರು ಏನೇನು ನೋಡುತ್ತಾರೆ?

ಹೊಸಮನೆ_ಕನಸು
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕನಕಪುರ ರಸ್ತೆ ಕಡೆ 3 ಬಿಎಚ್‌ಕೆ ಫ್ಲ್ಯಾಟ್ ಬುಕ್ ಮಾಡಿ ಮೂರೂವರೆ ವರ್ಷ ಆಯ್ತು. ಮೊನ್ನೆ ಬಿಲ್ಡರ್ ಕಡೆಯಿಂದ ಮೇಲ್ ಬಂದಿದೆ. 15 ದಿನದೊಳಗೆ ಬಾಕಿ ಹಣ ಕಟ್ಟಿ ಕೀ ತಗೊಳ್ಳಿ ಅಂತ. ಭಾನುವಾರ ಹೋಗಿ ನೋಡಿ ಬಂದೆವು. ಹೊಸ ಬಣ್ಣ, ನೆಲ ಫಳಫಳ. ನಮ್ಮ ಕಣ್ಣಿಗೆ ಎಲ್ಲ ಚೆನ್ನಾಗಿಯೇ ಕಂಡಿತು. ಆದರೆ ನನಗೂ ನಮ್ಮ ಯಜಮಾನರಿಗೂ ಕಟ್ಟಡದ ಕೆಲಸ ಏನೂ ಗೊತ್ತಿಲ್ಲ.

ಆಫೀಸಿನಲ್ಲಿ ಇಬ್ಬರು ಹೋಮ್ ಇನ್‌ಸ್ಪೆಕ್ಷನ್ ಮಾಡಿಸು ಎಂದರು. ಅಪ್ಪ ಮಾತ್ರ "ಊರಿಂದ ಮೇಸ್ತ್ರಿಯನ್ನು ಕಳಿಸುತ್ತೇನೆ, ಅವನೇ ಸಾಕು" ಅನ್ನುತ್ತಾರೆ. ಮಾಡಿಸಿದವರು ದಯವಿಟ್ಟು ಹೇಳಿ. ಅವರು ಬಂದು ನಿಜವಾಗಿ ಏನು ಮಾಡುತ್ತಾರೆ? ನಾವು ಜೊತೆಗಿರಬೇಕಾ? ಅವರು ಹುಡುಕಿದ್ದನ್ನು ಬಿಲ್ಡರ್ ಸರಿಮಾಡಿ ಕೊಡುತ್ತಾನಾ? ಇಪ್ಪತ್ತು ವರ್ಷದ ಸಾಲ ಇದು, ತಪ್ಪು ಮಾಡಲು ಮನಸ್ಸಿಲ್ಲ.

ವಿಜಯನಗರ_ವಾಸಿ
ಸುಮ್ನೆ ದುಡ್ಡು ದಂಡ. ನಾವು 2009ರಲ್ಲಿ ತಗೊಂಡಾಗ ಇದೆಲ್ಲ ಎಲ್ಲಿತ್ತು? ನಲ್ಲಿ ತಿರುಗಿಸಿ, ಸ್ವಿಚ್ ಹಾಕಿ, ಬಾಗಿಲು ಮುಚ್ಚಿ ನೋಡಿ. ಅಷ್ಟೇ.

ಮಲ್ಲಿಗೆ_ಚಪ್ಪರ
ಹಾಗನ್ನಬೇಡಿ ಸರ್. ನಾವೂ ನಲ್ಲಿ ತಿರುಗಿಸಿ, ಸ್ವಿಚ್ ಹಾಕಿಯೇ ಒಳಗೆ ಹೋದೆವು. ಎಲ್ಲ ಸ್ವಿಚ್ಚೂ ಕೆಲಸ ಮಾಡುತ್ತಿತ್ತು. ಗೃಹಪ್ರವೇಶ ಆಗಿ ಎರಡು ತಿಂಗಳಿಗೆ ನಮ್ಮ ಅತ್ತೆಗೆ ಬಾತ್‌ರೂಮಿನ ನಲ್ಲಿ ಮುಟ್ಟಿದಾಗ ಜುಮ್ ಅಂದಿತು. ಅವರು ವಯಸ್ಸಿನ ನಡುಕ ಅಂದುಕೊಂಡು ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೇ ದಿನ ನನಗೂ ಹೊಡೆಯಿತು. ಎಲೆಕ್ಟ್ರಿಷಿಯನ್ ಬಂದು ಬಿಚ್ಚಿ ನೋಡಿದರೆ ಗೀಸರ್ ಪಾಯಿಂಟಿನಲ್ಲಿ ಅರ್ತ್ ವೈರ್ ಇತ್ತು, ಆದರೆ ಯಾವುದಕ್ಕೂ ಸೇರಿಸಿರಲಿಲ್ಲ. ಸುಮ್ಮನೆ ಒಳಗೆ ಮಡಚಿ ಇಟ್ಟಿದ್ದರು. ಸ್ವಿಚ್ ಹಾಕಿ ನೋಡಿದರೆ ಇದು ಗೊತ್ತಾಗುತ್ತಾ?

ಕರೆಂಟ್_ಕೆಲಸ
ಗೊತ್ತಾಗಲ್ಲ. ಅರ್ತ್ ಇಲ್ಲದಿದ್ದರೂ ಗೀಸರ್ ಬಿಸಿಯಾಗುತ್ತದೆ. ಅದೇ ಅಪಾಯ. ಮೂರು ಪಿನ್ನಿನ ಸಾಕೆಟ್ ಟೆಸ್ಟರ್ ಅಂತ ಬರುತ್ತದೆ, ಕೆಲವೇ ನೂರು ರೂಪಾಯಿ. ಪ್ರತಿ ಸಾಕೆಟ್ಟಿಗೂ ಚುಚ್ಚಿದರೆ ದೀಪಗಳು ಉರಿಯುವ ರೀತಿಯಲ್ಲೇ ಅರ್ತ್ ಇದೆಯಾ, ಫೇಸ್ ನ್ಯೂಟ್ರಲ್ ಅದಲುಬದಲಾಗಿದೆಯಾ ಗೊತ್ತಾಗುತ್ತದೆ.

ಡಿಬಿ, ಅಂದರೆ ಬ್ರೇಕರ್‌ಗಳೆಲ್ಲ ಇರುವ ಡಬ್ಬಿಯಲ್ಲಿ ಇನ್ನೊಂದು ನೋಡಿ. ಎಂಸಿಬಿ ಅನ್ನುವ ಬ್ರೇಕರ್ ಇರುವುದು ವೈರ್ ಸುಡದಂತೆ ಕಾಯಲು. ಕರೆಂಟ್ ಸೋರಿದರೆ ತಾನೇ ಬಿದ್ದು ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ. ಮನೆಗಳಿಗೆ 30 ಮಿಲಿಆಂಪಿಯರಿನದು ಹಾಕುತ್ತಾರೆ. ಅದರ ಮೇಲೆ ಟಿ ಅಂತ ಸಣ್ಣ ಬಟನ್ ಇರುತ್ತದೆ. ಒತ್ತಿದ ತಕ್ಷಣ ಬೀಳಬೇಕು. ಬೀಳದಿದ್ದರೆ ಬದಲಾಯಿಸದೆ ಬಿಡಬೇಡಿ.

ಹೊಸಮನೆ_ಕನಸು
ಮಲ್ಲಿಗೆ ಅಕ್ಕಾ, ಓದಿ ಎದೆ ಝಲ್ ಎಂದಿತು. ಅತ್ತೆಯವರು ಈಗ ಚೆನ್ನಾಗಿದ್ದಾರಾ?

ಮಲ್ಲಿಗೆ_ಚಪ್ಪರ
ಚೆನ್ನಾಗಿದ್ದಾರಮ್ಮ. ಆದರೆ ಇವತ್ತಿಗೂ ಗೀಸರ್ ಆಫ್ ಮಾಡಿದ ಮೇಲೇ ನಲ್ಲಿ ಮುಟ್ಟುವುದು.

ರಸಮಟ್ಟ
ನಾನು ಸಿವಿಲ್ ಎಂಜಿನಿಯರ್. ಹನ್ನೊಂದು ವರ್ಷ ಬಿಲ್ಡರ್‌ಗಳ ಕಡೆ ಕ್ವಾಲಿಟಿ ನೋಡುತ್ತಿದ್ದೆ. ಈಗ ಮನೆ ಕೊಳ್ಳುವವರ ಕಡೆಯಿಂದ ನೋಡುತ್ತೇನೆ. ಇದೇ ನನ್ನ ಹೊಟ್ಟೆಪಾಡು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಯಾರಿಂದಲೂ ಕೆಲಸ ಕೇಳುತ್ತಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ.

3 ಬಿಎಚ್‌ಕೆಗೆ ಇಬ್ಬರು ಹೋದರೆ ಮೂರು ನಾಲ್ಕು ಗಂಟೆ ಬೇಕು. ಮುಕ್ಕಾಲು ಗಂಟೆಯಲ್ಲಿ ಮುಗಿಸಿ ಹೊರಟರೆ ಅವರು ನೋಡಿಲ್ಲ ಅಂತಲೇ ಲೆಕ್ಕ. ಹಗಲು ಬೆಳಕಿನಲ್ಲೇ ಕರೆಸಿ. ಆ ದಿನ ನೀರು, ಕರೆಂಟು ಎರಡೂ ಇರಲಿ ಅಂತ ಬಿಲ್ಡರ್‌ಗೆ ಮೊದಲೇ ಬರೆದು ಕೇಳಿ. ಎಷ್ಟೋ ಸಲ ನಾವು ಹೋದಾಗ ನೀರೇ ಬಿಟ್ಟಿರುವುದಿಲ್ಲ. ಆಗ ಅರ್ಧ ಕೆಲಸ ಆಗುವುದಿಲ್ಲ.

ಮೊದಲು ನೆಲ. ತುದಿಯಲ್ಲಿ ಸಣ್ಣ ಗುಂಡಿರುವ ಕಡ್ಡಿಯಿಂದ ಒಂದೊಂದು ಟೈಲನ್ನೂ ನಾಲ್ಕು ಮೂಲೆ ಮತ್ತು ನಡುವೆ ತಟ್ಟುತ್ತೇವೆ. ಗಟ್ಟಿಯಾಗಿ ಕೂತಿದ್ದರೆ "ಟಿಣ್" ಅನ್ನುತ್ತದೆ. ಕೆಳಗೆ ಗಾರೆ ಸರಿಯಾಗಿ ತುಂಬದೆ ಟೊಳ್ಳಿದ್ದರೆ "ಡಬ್" ಅಂತ ಮಡಕೆ ಬಡಿದ ಹಾಗೆ ಸದ್ದು. ಅಂಥದ್ದರ ಮೇಲೆ ಸ್ಟಿಕ್ಕರ್ ಅಂಟಿಸುತ್ತೇವೆ. ಮುಂದೆ ಅದರ ಮೇಲೆ ಬೀರು ಇಟ್ಟಾಗಲೋ ಮಂಚ ಎಳೆದಾಗಲೋ ಒಡೆಯುವುದು ಅದೇ ಟೈಲು. ನೀವೇ 5 ರೂಪಾಯಿ ನಾಣ್ಯದಿಂದ ತಟ್ಟಿ ನೋಡಿ, ಹತ್ತು ನಿಮಿಷದಲ್ಲಿ ಕಿವಿ ಪಳಗುತ್ತದೆ.

ಆಮೇಲೆ ಗೋಡೆ. ರಸಮಟ್ಟ, ಮೂಲೆಮಟ್ಟ ಇಟ್ಟು ನೆಟ್ಟಗಿದೆಯಾ ನೋಡುವುದು. ಮಾಡ್ಯುಲರ್ ಕಿಚನ್ ಕೂರಿಸುವಾಗ ಮೂಲೆ ಸೊಟ್ಟ ಇದ್ದರೆ ತೊಂದರೆ ಆಗುತ್ತದೆ. ಬಾಗಿಲು ಅರ್ಧ ತೆರೆದು ಬಿಟ್ಟರೆ ಅಲ್ಲೇ ನಿಲ್ಲಬೇಕು. ತಾನೇ ಓಡಿದರೆ ಚೌಕಟ್ಟು ವಾಲಿದೆ. ಕಿಟಕಿಗಳ ಹೊರಬದಿ ಸಿಲಿಕೋನ್ ತುಂಬಿದೆಯಾ, ಕಿಟಕಿ ಹಳಿಯಲ್ಲಿ ನೀರು ಹೊರಗೆ ಹೋಗುವ ತೂತು ಇದೆಯಾ ನೋಡುತ್ತೇವೆ. ಅದರ ನಂತರ ಪ್ಲಂಬಿಂಗ್, ಎಲೆಕ್ಟ್ರಿಕಲ್, ಕೊನೆಗೆ ಅಳತೆ.

ಎರಡು ಮೂರು ದಿನದಲ್ಲಿ ಫೋಟೋ ಸಮೇತ ರಿಪೋರ್ಟ್ ಬರಬೇಕು. ಯಾವ ರೂಮು, ಯಾವ ಗೋಡೆ, ಏನು ದೋಷ, ಎಷ್ಟು ಗಂಭೀರ ಅಂತ. ಹೊಸ ಫ್ಲ್ಯಾಟಿನಲ್ಲಿ ಐವತ್ತು ಅರವತ್ತು ಅಂಶ ಬಂದರೆ ಗಾಬರಿ ಬೇಡ. ಮುಕ್ಕಾಲು ಪಾಲು ಬಣ್ಣದ ಕಲೆ, ಗೀರು ಇಂಥವೇ. ಅದರ ನಡುವೆ ನಾಲ್ಕೈದು ನಿಜವಾದ ದೋಷ ಇರುತ್ತವೆ. ಅವನ್ನು ಬೇರೆ ಮಾಡಿ ಹೇಳಬೇಕು, ಅದಕ್ಕೇ ನೀವು ದುಡ್ಡು ಕೊಡುವುದು.

ಬಸವನಗುಡಿ_ಬೆಣ್ಣೆ
ಥರ್ಮಲ್ ಕ್ಯಾಮೆರಾ ತರುವವರನ್ನೇ ಕರೆಸಿ. ಗೋಡೆ ಒಳಗಿನ ನೀರು, ಪೈಪು ಎಲ್ಲ ಕಾಣುತ್ತದೆ. ನಮ್ಮ ಭಾವನ ಮನೆಯಲ್ಲಿ ನೋಡಿದ್ದೇನೆ.

ರಸಮಟ್ಟ
ಗೋಡೆ ಒಳಗೆ ಕಾಣುವುದಿಲ್ಲ ಸರ್. ಗೋಡೆ ಮೇಲ್ಮೈಯಲ್ಲಿ ಎಲ್ಲಿ ತಂಪು, ಎಲ್ಲಿ ಬಿಸಿ ಅನ್ನುವುದನ್ನಷ್ಟೇ ಅದು ತೋರಿಸುತ್ತದೆ. ಒದ್ದೆ ಜಾಗ ಸಾಮಾನ್ಯವಾಗಿ ತಣ್ಣಗಿರುತ್ತದೆ, ಆದ್ದರಿಂದ ನೀಲಿಯಾಗಿ ಕಾಣುತ್ತದೆ. ಆದರೆ ಎಸಿ ಗಾಳಿ ಬಡಿದ ಜಾಗವೂ ನೀಲಿಯೇ. ಆದ್ದರಿಂದ ಅನುಮಾನ ಬಂದ ಕಡೆ ತೇವ ಅಳೆಯುವ ಮೀಟರ್ ಇಟ್ಟು ಖಚಿತಪಡಿಸಿಕೊಳ್ಳಬೇಕು. ಹೊಸ ಪ್ಲಾಸ್ಟರಿನಲ್ಲಿ ಅದರದೇ ತೇವ ಇರುತ್ತದೆ, ಹಾಗಾಗಿ ಬರೀ ಒಂದು ಸಂಖ್ಯೆ ನೋಡಿದರೆ ಸಾಲದು. ಅದೇ ಗೋಡೆಯ ಒಣ ಭಾಗಕ್ಕೂ ಇಟ್ಟು ಹೋಲಿಸಬೇಕು. ಬಣ್ಣಬಣ್ಣದ ಚಿತ್ರ ರಿಪೋರ್ಟಿಗೆ ಅಂಟಿಸಿ ಕೊಟ್ಟರೆ ಸಾಲದು.

ಬಸವನಗುಡಿ_ಬೆಣ್ಣೆ
ಸರಿ, ಒಪ್ಪಿದೆ. ನನಗೆ ಮೀಟರ್ ವಿಷಯ ಗೊತ್ತಿರಲಿಲ್ಲ.

ಮಂಗಳೂರು_ಮಳೆ
ನಮ್ಮ ಊರಿನಲ್ಲಿ ಇದಕ್ಕೆಲ್ಲ ಕ್ಯಾಮೆರಾ ಬೇಡ. ಜುಲೈ ತಿಂಗಳಲ್ಲಿ ಮನೆ ನೋಡಲು ಹೋಗಿ, ಅಷ್ಟೇ. ಯಾವ ಗೋಡೆಯಲ್ಲಿ ನೀರು ಒಸರುತ್ತದೆ, ಯಾವ ಸಜ್ಜದ ಮೇಲೆ ನೀರು ನಿಲ್ಲುತ್ತದೆ ಎಲ್ಲ ಕಣ್ಣೆದುರೇ. ಬೇಸಿಗೆಯಲ್ಲಿ ಎಲ್ಲ ಮನೆಯೂ ಒಳ್ಳೆಯ ಮನೆಯೇ.

ಹೊಸಮನೆ_ಕನಸು
ನಮಗೆ 15 ದಿನ ಮಾತ್ರ ಇದೆ ಸರ್, ಮಳೆಗೆ ಕಾಯುವಂತಿಲ್ಲ. ಬಾತ್‌ರೂಮ್ ಸೋರುತ್ತದಾ ಅಂತ ಬೇಸಿಗೆಯಲ್ಲಿ ಹೇಗೆ ತಿಳಿಯುವುದು?

ರಸಮಟ್ಟ
ನೀರು ನಿಲ್ಲಿಸಿ ನೋಡುವುದು. ಪಾಂಡಿಂಗ್ ಟೆಸ್ಟ್ ಅನ್ನುತ್ತೇವೆ. ನೀರು ಹರಿದುಹೋಗುವ ಜಾಲಿಗೆ ಪ್ಲಾಸ್ಟಿಕ್ ಚೀಲದಲ್ಲಿ ಬಟ್ಟೆ ಸುತ್ತಿ ಬಿಗಿಯಾಗಿ ತುರುಕಿ. ಹೊಸ್ತಿಲು ದಾಟದ ಹಾಗೆ ಒಂದು ಇಂಚಿನಷ್ಟು ನೀರು ಬಿಡಿ. ನೀರಿನ ಮಟ್ಟಕ್ಕೆ ಗೋಡೆ ಟೈಲಿನ ಮೇಲೆ ಪೆನ್ಸಿಲ್‌ನಿಂದ ಗೆರೆ ಎಳೆದು, ಪಕ್ಕದಲ್ಲಿ ದಿನ ಮತ್ತು ಗಂಟೆ ಬರೆಯಿರಿ. ಕಡಿಮೆ ಎಂದರೆ 24 ಗಂಟೆ, ಸಾಧ್ಯವಾದರೆ 48 ಗಂಟೆ ಬಿಡಿ. ಕೂದಲೆಳೆಯಷ್ಟು ಇಳಿದರೆ ಅದು ಆವಿಯಾಗಿದ್ದು. ಬೆರಳಷ್ಟು ಇಳಿದರೆ ಎಲ್ಲೋ ಹೋಗಿದೆ.

ಮುಖ್ಯವಾದದ್ದು, ನಿಮ್ಮ ಬಾತ್‌ರೂಮ್ ಸೋರಿದರೆ ಕಾಣುವುದು ಕೆಳಗಿನ ಮನೆಯ ಚಾವಣಿಯಲ್ಲಿ. ಕೆಳಗಿನ ಫ್ಲ್ಯಾಟಿನ ಕೀ ಬಿಲ್ಡರ್ ಹತ್ತಿರವೇ ಇದ್ದರೆ ಅದನ್ನೂ ತೆರೆಸಿ ನೋಡಿ. ಇದು ಒಂದೇ ದಿನದ ವಿಸಿಟ್‌ನಲ್ಲಿ ಆಗದ ಕೆಲಸ. ತುಂಬ ಜನ ಇನ್‌ಸ್ಪೆಕ್ಟರ್‌ಗಳು ಇದನ್ನು ಬಿಟ್ಟುಬಿಡುತ್ತಾರೆ. ಹಿಂದಿನ ದಿನವೇ ನೀರು ನಿಲ್ಲಿಸಿಡಲು ವ್ಯವಸ್ಥೆ ಮಾಡಿಕೊಳ್ಳಿ.

ಧಾರವಾಡ_ಫೇಡಾ
ವಾಟ, ಅಂದ್ರ ನೀರು ಹರಿಯೋ ಇಳಿಜಾರು, ನೋಡೋದು ಮರೀಬೇಡ್ರಿ. ನಮ್ಮ ಮನೆಯಲ್ಲಿ ಸ್ನಾನ ಮಾಡಿದ ನೀರು ಜಾಲಿಗೆ ಹೋಗದೆ ಬಾಗಿಲಿಗೆ ಬರುತ್ತದೆ. ಐದು ವರ್ಷದಿಂದ ದಿನಾ ವೈಪರ್ ಹಿಡಿಯುವುದೇ ಆಗಿದೆ. ಒಂದು ಬಕೆಟ್ ನೀರು ಸುರಿದು ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ವಿಜಯನಗರ_ವಾಸಿ
ನೋಡಿ, ಬಕೆಟ್ ನೀರು, 5 ರೂಪಾಯಿ ನಾಣ್ಯ, ಟೆಸ್ಟರ್. ಎಲ್ಲ ನೀವೇ ಮಾಡಬಹುದಲ್ಲ! ಇಷ್ಟಕ್ಕೆ ಸಾವಿರಾರು ರೂಪಾಯಿ ಯಾಕೆ?

ಮಲ್ಲಿಗೆ_ಚಪ್ಪರ
ಮಾಡಬಹುದು ಸರ್. ಆದರೆ ನಾವು ತೋರಿಸಿದರೆ ಬಿಲ್ಡರ್ ಕಡೆಯ ಹುಡುಗ "ಮೇಡಂ, ಇದೆಲ್ಲ ಹೀಗೇ ಇರೋದು" ಅನ್ನುತ್ತಾನೆ. ಎಂಜಿನಿಯರ್ ಬರೆದುಕೊಟ್ಟರೆ ಹಾಗನ್ನಲು ಆಗುವುದಿಲ್ಲ.

ಕಾಗದಪತ್ರ
ವಕೀಲೆಯಾಗಿ ಎರಡು ಮಾತು. ಇನ್‌ಸ್ಪೆಕ್ಷನ್ ಬಗ್ಗೆ ಎಲ್ಲರೂ ಟೈಲ್ಸ್, ಬಣ್ಣ ಎನ್ನುತ್ತಿದ್ದಾರೆ. ಅದನ್ನು ಯಾವಾಗ ಮಾಡಿಸುತ್ತೀರಿ ಅನ್ನುವುದೇ ದೊಡ್ಡದು. ಕೀ ಕೊಡುವಾಗ ಒಂದು ಪತ್ರಕ್ಕೆ ಸಹಿ ಕೇಳುತ್ತಾರೆ. "ಫ್ಲ್ಯಾಟನ್ನು ಪರಿಶೀಲಿಸಿದ್ದೇನೆ, ಎಲ್ಲ ತೃಪ್ತಿಕರವಾಗಿದೆ" ಅಂತ ಅದರಲ್ಲಿ ಒಂದು ಸಾಲು ಇರುತ್ತದೆ. ಅದಕ್ಕೆ ಸಹಿ ಹಾಕುವ ಮೊದಲು ಮಾಡಿಸಿ. ಪಟ್ಟಿಯನ್ನು ಇಮೇಲ್ ಮಾಡಿ, ಒಂದು ಪ್ರತಿ ಕೈಯಲ್ಲೂ ಕೊಟ್ಟು ಸ್ವೀಕರಿಸಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಸಹಿ ಹಾಕಲೇಬೇಕಾಗಿ ಬಂದರೆ "ಲಗತ್ತಿಸಿದ ಪಟ್ಟಿಯ ದೋಷಗಳನ್ನು ಸರಿಪಡಿಸುವ ಷರತ್ತಿನ ಮೇಲೆ" ಅಂತ ಕೈಯಲ್ಲಿ ಬರೆದು ಹಾಕಿ.

ಜಯನಗರ_4ನೇ_ಬ್ಲಾಕ್
ಕೀ ತಗೊಂಡ ಮೇಲೂ 1 ವರ್ಷದ ವಾರಂಟಿ ಇರುತ್ತದೆ ಅಲ್ವಾ? ನಮ್ಮ ಬಿಲ್ಡರ್ ಹಾಗೇ ಹೇಳಿದ್ದ.

ಕಾಗದಪತ್ರ
1 ವರ್ಷ ಅಲ್ಲ, 5 ವರ್ಷ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಸೆಕ್ಷನ್ 14(3) ಓದಿ. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯ ದೋಷ, ಕೆಲಸದ ಗುಣಮಟ್ಟದ ದೋಷ ಅಥವಾ ಸೇವೆಗಳ ದೋಷವನ್ನು ಬಿಲ್ಡರ್ ಗಮನಕ್ಕೆ ತಂದರೆ, 30 ದಿನದಲ್ಲಿ ದುಡ್ಡು ಕೇಳದೆ ಸರಿಮಾಡಿಕೊಡಬೇಕು. ಮಾಡದಿದ್ದರೆ ಪರಿಹಾರ ಕೇಳಬಹುದು. ಫ್ಯಾನ್, ನಲ್ಲಿಗಳಿಗೆ ಕಂಪನಿ ಕೊಡುವ ವಾರಂಟಿಯೇ ಬೇರೆ. ಎರಡನ್ನೂ ಸೇರಿಸಿ 1 ವರ್ಷ ಅಂತ ಹೇಳುವವರಿದ್ದಾರೆ, ನಂಬಬೇಡಿ. ಮೊದಲ ದಿನವೇ ಫೋಟೋ ಸಮೇತ ರಿಪೋರ್ಟ್ ಇದ್ದರೆ "ನೀವು ವಾಸಕ್ಕೆ ಬಂದ ಮೇಲೆ ಹಾಳು ಮಾಡಿಕೊಂಡಿದ್ದು" ಅಂತ ಅವರು ಜಾರಿಕೊಳ್ಳಲು ಆಗುವುದಿಲ್ಲ.

ಇನ್ನೊಂದು, ಓಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಕೊಡುವ ಸರ್ಕಾರಿ ಪ್ರಮಾಣಪತ್ರ, ಬಂದಿದೆಯಾ? ಅದಿಲ್ಲದೆ ಬಾಕಿ ಹಣ ಕಟ್ಟಬೇಡಿ.

ಹೊಸಮನೆ_ಕನಸು
ಮೇಲ್‌ನಲ್ಲಿ "ಓಸಿಗೆ ಅರ್ಜಿ ಹಾಕಲಾಗಿದೆ" ಅಂತ ಇದೆ ಮೇಡಂ.

ಕಾಗದಪತ್ರ
ಅರ್ಜಿ ಹಾಕಿದ್ದು ಓಸಿ ಅಲ್ಲ! ಓಸಿ ಸಿಕ್ಕಿದ ಮೇಲೆ ಕೊಂಡವರು 2 ತಿಂಗಳೊಳಗೆ ಸ್ವಾಧೀನ ತಗೊಳ್ಳಬೇಕು ಅಂತ ಕಾಯ್ದೆ ಹೇಳುತ್ತದೆ, 15 ದಿನ ಅಂತಲ್ಲ. ಓಸಿ ಬರದೆ ಆ ಲೆಕ್ಕ ಶುರುವೇ ಆಗುವುದಿಲ್ಲ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ, ಈ ಪ್ರಮಾಣಪತ್ರ ನೋಡಿಯೇ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಅಂತ ಇದೆ. ನಿಮ್ಮ ಕಟ್ಟಡಕ್ಕೆ ಈಗ ಖಾಯಂ ಮೀಟರ್ ಇದೆಯಾ, ತಾತ್ಕಾಲಿಕ ಸಂಪರ್ಕವಾ ಅಂತಲೂ ಕೇಳಿ. ಇನ್‌ಸ್ಪೆಕ್ಟರ್ ಇದನ್ನೆಲ್ಲ ನೋಡುವುದಿಲ್ಲ. ಅವರು ಮನೆ ನೋಡುತ್ತಾರೆ, ಕಾಗದ ನಿಮ್ಮ ವಕೀಲರೇ ನೋಡಬೇಕು.

ಹೊಸಮನೆ_ಕನಸು
ಇವತ್ತೇ ಬರೆದು ಕೇಳುತ್ತೇನೆ. ತುಂಬ ಥ್ಯಾಂಕ್ಸ್ ಮೇಡಂ.

ನ್ಯೂಜೆರ್ಸಿ_ಕನ್ನಡಿಗ
ಇಲ್ಲಿನ ಪದ್ಧತಿ ಹೇಳುತ್ತೇನೆ. ನಾವು ಹಳೇ ಮನೆ ತಗೊಂಡೆವು. ಇಲ್ಲಿ ಕರಾರಿನಲ್ಲೇ ಇನ್‌ಸ್ಪೆಕ್ಷನ್ ಷರತ್ತು ಹಾಕಿಸುತ್ತಾರೆ. ಕೊಟ್ಟ ದಿನಗಳೊಳಗೆ ಮಾಡಿಸಿ, ದೊಡ್ಡ ದೋಷ ಬಂದರೆ ರಿಪೇರಿ ಕೇಳಬಹುದು, ಬೆಲೆ ಇಳಿಸಬಹುದು, ಕರಾರಿನಲ್ಲಿ ಇರುವ ಪ್ರಕಾರ ಹಿಂದೆಯೂ ಸರಿಯಬಹುದು. ಮಾಡು, ಮಾಡಿನ ಕೆಳಗಿನ ಅಟ್ಟ, ಫರ್ನೇಸು, ಬೇಸ್‌ಮೆಂಟು ಎಲ್ಲ ಹತ್ತಿ ಇಳಿದು ನೋಡಿದರು. ಗೆದ್ದಲಿಗೆ ಬೇರೆ ಪರೀಕ್ಷೆ, ರೇಡಾನ್‌ಗೆ ಬೇರೆ. ರೇಡಾನ್ ಅಂದರೆ ನೆಲದಿಂದ ಬರುವ, ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ಅನಿಲ. ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ ಆಗುತ್ತದೆ. ಲೀಟರಿಗೆ 4 ಪಿಕೋಕ್ಯೂರಿ ದಾಟಿದರೆ ಸರಿಪಡಿಸಿಕೊಳ್ಳಿ ಅಂತ ಇಲ್ಲಿನ ಸರ್ಕಾರದ ಸಲಹೆ. ನಮ್ಮ ಮನೆಯಲ್ಲಿ ಜಾಸ್ತಿ ಬಂತು. ಮಾರುವವರೇ ಪೈಪು, ಫ್ಯಾನು ಹಾಕಿಸಿಕೊಟ್ಟರು.

ನನಗೆ ಹೆಚ್ಚು ಉಪಯೋಗ ಆಗಿದ್ದು ರಿಪೋರ್ಟಲ್ಲ, ಅವರ ಹಿಂದೆಯೇ ಓಡಾಡಿದ್ದು. ನೀರಿನ ಮೇನ್ ವಾಲ್ವ್ ಎಲ್ಲಿದೆ ಅಂತ ನನಗೆ ತೋರಿಸಿದ್ದೇ ಅವರು. ಮೊದಲ ಚಳಿಗಾಲದಲ್ಲೇ ಪೈಪು ಒಡೆಯಿತು. ಓಡಿಹೋಗಿ ಆ ವಾಲ್ವ್ ಮುಚ್ಚಿದ್ದರಿಂದ ಬೇಸ್‌ಮೆಂಟ್ ಉಳಿಯಿತು.

ಶಿರಸಿ_ತೋಟ
ಹಳೇ ಮನೆ ಮಾತು ಬಂತು ಅಂತ ಹೇಳುತ್ತಿದ್ದೇನೆ. ತಮ್ಮ ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷದ ಮನೆ ತಗೊಂಡ. ಮಾರುವವರು ಹೊಸದಾಗಿ ಬಣ್ಣ ಹೊಡೆಸಿದ್ದರು. ಒಂದೇ ಒಂದು ರೂಮಿನ ಚಾವಣಿಗೆ ಮಾತ್ರ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹಲಗೆಯ ಮುಚ್ಚಿಗೆ. ಯಾಕೆ ಅಂತ ನಾವು ಯಾರೂ ಕೇಳಲಿಲ್ಲ. ಆರು ತಿಂಗಳಿಗೆ ಪಿಒಪಿ ಹಲಗೆ ಕಳಚಿ ಬಿತ್ತು. ಮೇಲೆ ನೋಡಿದರೆ ಸ್ಲ್ಯಾಬಿನ ಸಿಮೆಂಟು ಚಕ್ಕೆ ಎದ್ದು, ಕಂಬಿ ತುಕ್ಕು ಹಿಡಿದು ಊದಿಕೊಂಡಿದೆ. ಮಕ್ಕಳು ಶಾಲೆಗೆ ಹೋಗಿದ್ದ ಹೊತ್ತು, ದೇವರು ದೊಡ್ಡವನು. ಹಳೇ ಮನೆಯಲ್ಲಿ ಹೊಸ ಬಣ್ಣ ಕಂಡರೆ ಎರಡು ಸಲ ನೋಡಿ.

ರಸಮಟ್ಟ
ಇದು ತುಂಬ ಮುಖ್ಯ. ತುಕ್ಕು ಹಿಡಿದ ಕಂಬಿ ಊದಿಕೊಂಡು ಹೊರಗಿನ ಕಾಂಕ್ರೀಟನ್ನು ತಳ್ಳುತ್ತದೆ. ಕಂಬಿಯ ಉದ್ದಕ್ಕೂ ಗೆರೆ ಎಳೆದ ಹಾಗೆ ಬಿರುಕು ಕಂಡರೆ ಸ್ಟ್ರಕ್ಚರಲ್ ಎಂಜಿನಿಯರನ್ನೇ ಕರೆಸಬೇಕು, ಮಾಮೂಲಿ ಇನ್‌ಸ್ಪೆಕ್ಷನ್ ಸಾಲದು.

ಹೊಸ ಫ್ಲ್ಯಾಟಿನ ಬಿರುಕು ಬಹುಪಾಲು ಬೇರೆ ಥರ. ಪ್ಲಾಸ್ಟರಿನ ಮೇಲೆ ಕೂದಲಿನಂಥ ಬಿರುಕು ಸಾಮಾನ್ಯ. ಕಾಲಂ ಮತ್ತು ಬ್ಲಾಕ್ ಗೋಡೆ ಸೇರುವ ಕಡೆ ನೆಟ್ಟಗೆ ಬಿರುಕು ಬಂದರೆ ಅಲ್ಲಿ ಜಾಲರಿ ಹಾಕದೆ ಪ್ಲಾಸ್ಟರ್ ಮಾಡಿರಬಹುದು. ಅದು ಕೆಲಸದ ದೋಷ, ಸರಿಮಾಡಿಸಿ. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು ದಿನೇ ದಿನೇ ಅಗಲವಾಗುತ್ತಿದ್ದರೆ ಬಿಡಬೇಡಿ.

ಜಯನಗರ_4ನೇ_ಬ್ಲಾಕ್
ನೀರು ಎಲ್ಲಿಂದ ಅಂತಲೂ ಕೇಳಿ. 2024ರ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ಬಿಟ್ಟರೆ ಗತಿಯಿರಲಿಲ್ಲ.

ಬಸವನಗುಡಿ_ಬೆಣ್ಣೆ
ಆ ವರ್ಷ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ 5ನೇ ಹಂತ ಶುರುವಾಯಿತಲ್ಲ, ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆ ಅಂತ.

ಜಯನಗರ_4ನೇ_ಬ್ಲಾಕ್
ಶುರುವಾಗಿದೆ, ಆದರೆ ನಿಮ್ಮ ಕಟ್ಟಡಕ್ಕೆ ಕನೆಕ್ಷನ್ ಇದೆಯಾ ಅನ್ನುವುದೇ ಪ್ರಶ್ನೆ. ಬರೀ ಬೋರ್‌ವೆಲ್ ಆದರೆ ಗಡಸು ನೀರು, ಒಂದೇ ವರ್ಷಕ್ಕೆ ನಲ್ಲಿ ತುಂಬ ಬಿಳಿ ಉಪ್ಪು.

ಮಂಗಳೂರು_ಮಳೆ
ನೀರಿನ ಚರ್ಚೆಗೆ ಬೇರೆ ಥ್ರೆಡ್ ಮಾಡಿ ಮಾರಾಯ್ರೆ. ಅವರಿಗೆ ಇರುವುದು 15 ದಿನ.

ಕರೆಂಟ್_ಕೆಲಸ
ಲಿಫ್ಟು, ಜನರೇಟರು, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ), ಬೆಂಕಿ ಆರಿಸುವ ಪಂಪು, ಇವು ಯಾವುದೂ ಒಂದು ಫ್ಲ್ಯಾಟಿನ ಇನ್‌ಸ್ಪೆಕ್ಷನ್‌ನಲ್ಲಿ ಬರಲ್ಲ. ಮನೆ ತಗೊಂಡವರೆಲ್ಲ ಸೇರಿ ದುಡ್ಡು ಹಾಕಿ ಬೇರೆಯಾಗಿ ಮಾಡಿಸಬೇಕು.

ಹೊಸಮನೆ_ಕನಸು
ಎಲ್ಲರಿಗೂ ಅಪ್‌ಡೇಟ್. ಓಸಿ ಪ್ರತಿ ಕೇಳಿ ಬರೆದೆ. 15 ದಿನದ ಗಡುವನ್ನು ಅವರೇ ಹಿಂದೆ ತಗೊಂಡರು. ಆಮೇಲೆ ಇನ್‌ಸ್ಪೆಕ್ಷನ್ ಮಾಡಿಸಿದೆವು. "ಹೊರಗಿನವರನ್ನು ಬಿಡುವುದಿಲ್ಲ" ಅಂತ ಮೊದಲು ಗೇಟಿನಲ್ಲೇ ತಡೆದರು. ಹಾಗಿದ್ದರೆ ಬರವಣಿಗೆಯಲ್ಲಿ ಕೊಡಿ ಅಂದೆ, ಬಿಟ್ಟರು. ಅಪ್ಪ ಕಳಿಸಿದ ಮೇಸ್ತ್ರಿಯೂ ಬಂದಿದ್ದರು. ಬಾಲ್ಕನಿಯ ಹೊರಗೋಡೆಯಲ್ಲಿ ಪೈಪ್ ಸುತ್ತ ಗಾರೆ ತುಂಬದೆ ಬಿಟ್ಟಿದ್ದನ್ನು ಹಿಡಿದವರು ಅವರೇ. ಎಂಜಿನಿಯರ್ ಕೂಡ ಅವರನ್ನು ಹೊಗಳಿದರು.

ಒಟ್ಟು 61 ಅಂಶ. ಹಾಲ್‌ನಲ್ಲಿ 9 ಟೈಲು ಟೊಳ್ಳು. ಒಂದು ಬಾತ್‌ರೂಮಿನ ವಾಟ ಬಾಗಿಲ ಕಡೆಗೆ. ಅಡುಗೆಮನೆಯ ಒಂದು ಸಾಕೆಟ್ಟಿಗೆ ಅರ್ತ್ ಇಲ್ಲ. ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸಲು ಸಿಗುವ ಜಾಗ) ಕರಾರಿನಲ್ಲಿ ಇದ್ದದ್ದಕ್ಕಿಂತ 7 ಚದರ ಅಡಿ ಕಡಿಮೆ. ದೊಡ್ಡದು ಇದು: ಮಾಸ್ಟರ್ ಬಾತ್‌ರೂಮಿನಲ್ಲಿ ಹಿಂದಿನ ದಿನ ನೀರು ನಿಲ್ಲಿಸಿದ್ದೆವು. ಬೆಳಿಗ್ಗೆ ಪೆನ್ಸಿಲ್ ಗೆರೆಗಿಂತ ಒಂದು ಬೆರಳು ಕೆಳಗೆ ಇಳಿದಿತ್ತು. ಕೆಳಗಿನ ಮನೆ ತೆರೆಸಿದರೆ ಚಾವಣಿಯ ಮೂಲೆಯಲ್ಲಿ ಅಂಗೈಯಗಲ ಒದ್ದೆ. ಮುಟ್ಟಿದೆ, ಬೆರಳಿಗೆ ತಣ್ಣಗೆ ಹತ್ತಿತು.

ಸೈಟ್ ಮ್ಯಾನೇಜರ್ "ಸಣ್ಣಪುಟ್ಟದ್ದು ಮೇಡಂ, ಸಹಿ ಹಾಕಿ, ಆಮೇಲೆ ಮಾಡಿಕೊಡುತ್ತೇವೆ" ಎಂದರು. ಹಾಕಲಿಲ್ಲ. ಪಟ್ಟಿ ಕೊಟ್ಟು ಸೀಲು ಹಾಕಿಸಿಕೊಂಡೆ. ಈಗ ಬಾತ್‌ರೂಮಿನ ನೆಲ ಪೂರ್ತಿ ಕೀಳಿಸಿ ವಾಟರ್‌ಪ್ರೂಫಿಂಗ್ ಮತ್ತೆ ಮಾಡುತ್ತಿದ್ದಾರೆ.

ಕಾಗದಪತ್ರ
7 ಚದರ ಅಡಿ ಬಿಡಬೇಡಿ. ಕಡಿಮೆ ಬಂದರೆ ಹಣ ವಾಪಸ್ ಅನ್ನುವ ಷರತ್ತು ಕರಾರಿನಲ್ಲಿ ಇರುತ್ತದೆ, ಓದಿ. ಬಾಲ್ಕನಿ ಮತ್ತು ಹೊರಗೋಡೆ ಕಾರ್ಪೆಟ್ ಏರಿಯಾಗೆ ಸೇರುವುದಿಲ್ಲ, ಒಳಗಿನ ಅಡ್ಡಗೋಡೆ ಸೇರುತ್ತದೆ. ಹಾಗೆ ಅಳೆದಿದ್ದಾರಾ ಅಂತ ಒಮ್ಮೆ ಖಚಿತಪಡಿಸಿಕೊಳ್ಳಿ.

ಶಿರಸಿ_ತೋಟ
ಕೆಳಗಿನ ಮನೆಯವರಿಗೆ ತಿಳಿಸಿದಿರಾ?

ಹೊಸಮನೆ_ಕನಸು
ಹೌದು, ನಂಬರ್ ಹುಡುಕಿ ಫೋನ್ ಮಾಡಿದೆ. ಮಸ್ಕತ್‌ನಲ್ಲಿದ್ದಾರೆ, ಇನ್ನೂ ಕೀ ತಗೊಂಡಿಲ್ಲ. ಒದ್ದೆಯ ಫೋಟೋ ಕಳಿಸಿದ್ದೇನೆ. ಅವರ ಬಾತ್‌ರೂಮಿಗೂ ನೀರು ನಿಲ್ಲಿಸಿ ನೋಡಿ ಅಂತ ನಮ್ಮನ್ನೇ ಕೇಳಿಕೊಂಡರು.

ರಸಮಟ್ಟ
ಹೊಸ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲು ಕೂರಿಸುವ ಮೊದಲೇ ಒಮ್ಮೆ ನೀರು ನಿಲ್ಲಿಸಿ ಅಂತ ಹೇಳಿ. ಟೈಲು ಹಾಕಿದ ಮೇಲೆ ಇನ್ನೊಮ್ಮೆ. ಎರಡಕ್ಕೂ ಗೆರೆ ಎಳೆದು ಫೋಟೋ ಇಟ್ಟುಕೊಳ್ಳಿ.

ಹೊಸಮನೆ_ಕನಸು
ಶುಕ್ರವಾರ ಸಂಜೆ ನೀರು ಬಿಡುತ್ತಾರೆ ಸರ್. ಭಾನುವಾರ ಸಂಜೆ ಮೇಸ್ತ್ರಿಯನ್ನು ಕರೆದುಕೊಂಡು ನಾನೇ ಹೋಗಿ ಗೆರೆ ನೋಡಿ ಇಲ್ಲಿ ಹಾಕುತ್ತೇನೆ.